ಮಳೆಗಾಲದ ಲಿಂಕಿನಲ್ಲಿ ಸ್ನ್ಯಾಪ್‌ಶಾಟ್ ಬ್ಯಾಕಪ್: ಮುಂಬಯಿಯಿಂದ ಮಡಗಾಂವ್‌ಗೆ ಕಳಿಸುವಾಗ ಎಲ್ಲಿ ಕೆಡುತ್ತದೆ, ಹೇಗೆ ಸರಿಮಾಡುವುದು

ಮಾಟುಂಗಾದ ಆಡಿಟ್ ಕಚೇರಿಯ ಕಡತ, ಸಯನ್‌ನ ಹೋಟೆಲಿನ ಬಿಲ್ಲಿಂಗ್ ಡೇಟಾ, ಕನ್ನಡ ಸಂಘದ ಹಳೆಯ ನಾಟಕಗಳ ರೆಕಾರ್ಡಿಂಗ್. ಇಂಥವನ್ನು ಮುಂಬಯಿಯಲ್ಲಿ ಜೆಡ್‌ಎಫ್‌ಎಸ್ (ಡೇಟಾದ ಆ ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಡಬಲ್ಲ ಫೈಲ್ ವ್ಯವಸ್ಥೆ) ಡಿಸ್ಕಿನಲ್ಲಿಟ್ಟು, ಎರಡನೇ ಪ್ರತಿಯನ್ನು ಪುಣೆಯ ಮನೆಗೋ ಮಡಗಾಂವ್‌ನ ನೆಂಟರ ಮನೆಗೋ ರಾತ್ರಿ ಹೊತ್ತು ಕಳಿಸುವ ಏರ್ಪಾಡು ಈಗ ಸಾಕಷ್ಟು ಕಡೆ ಇದೆ. ಬೇಸಿಗೆಯಲ್ಲಿ ತೊಂದರೆಯಿಲ್ಲ. ಜೂನ್ ಬಂತೆಂದರೆ ಗೋವಾ ಕಡೆ ಕರೆಂಟು ಹೋಗಿ ಬರುತ್ತದೆ, ಫೈಬರ್ ಮೇಲೆ ಮರದ ಕೊಂಬೆ ಬೀಳುತ್ತದೆ, ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತದೆ.

ಲಿಂಕ್ ಕಡಿಯುವುದನ್ನು ತಪ್ಪಿಸಲು ಆಗುವುದಿಲ್ಲ. ನಮ್ಮ ಕೈಲಿರುವುದು ಎರಡೇ: ಕಡಿದಾಗ ಆಗುವ ನಷ್ಟ ಕೆಲವೇ ನಿಮಿಷದ್ದಾಗಿರಬೇಕು, ಮತ್ತು ಎರಡೂ ಊರಿನಲ್ಲಿ ಒಂದು ಸಮಾನ ಸ್ನ್ಯಾಪ್‌ಶಾಟ್ ಯಾವಾಗಲೂ ಉಳಿದಿರಬೇಕು. ಈ ಎರಡನೆಯದು ತಪ್ಪಿದರೆ ಮಾತ್ರ ನಿಜವಾದ ಅನಾಹುತ. ಉಳಿದೆಲ್ಲ ದೋಷಗಳಿಗೂ ದಾರಿಯಿದೆ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ಕ್ಯಾಪಿಟಲ್ ಬೇಕಾದ ಕಡೆ ಹಾಗೆಂದೇ ಹೇಳಿದೆ. ಮುಂಬಯಿಯ ಡೇಟಾಸೆಟ್ಟಿನ (ಪೂಲ್ ಎಂಬ ಡಿಸ್ಕ್ ಗುಂಪಿನೊಳಗಿನ ಒಂದು ಭಾಗ) ಹೆಸರು ಟ್ಯಾಂಕ್/ದಫ್ತರ್, ಗೋವಾದ್ದು ಬ್ಯಾಕಪ್/ದಫ್ತರ್ ಎಂದಿಟ್ಟುಕೊಳ್ಳೋಣ.

ಮೊದಲ ಪ್ರತಿಯನ್ನು ರೈಲಿನಲ್ಲಿ ಕಳಿಸಿ

ಲೆಕ್ಕ ಹಾಕಿ ನೋಡಿ. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ 1.25 ಎಂಬಿ, ಗಂಟೆಗೆ 4.5 ಜಿಬಿ. ಒಂದು ಟಿಬಿ ಹೋಗಲು ಒಂದು ಕ್ಷಣವೂ ನಿಲ್ಲದೆ 9 ದಿನ ಬೇಕು, ವಾಸ್ತವದಲ್ಲಿ ಹತ್ತು ದಾಟುತ್ತದೆ. ಅದೇ ಡಿಸ್ಕನ್ನು ಬ್ಯಾಗಿನಲ್ಲಿ ಹಾಕಿಕೊಂಡು ಕೊಂಕಣ ಕನ್ಯಾ ಹತ್ತಿದರೆ ರಾತ್ರಿ ಸಿಎಸ್‌ಎಂಟಿ ಬಿಟ್ಟು ಮರುದಿನ ಮಧ್ಯಾಹ್ನದೊಳಗೆ ಮಡಗಾಂವ್. ಪೂರ್ತಿ ಪ್ರತಿಯನ್ನು ನೆಟ್‌ವರ್ಕಿನಲ್ಲಿ ಕಳಿಸುವ ಹಟ ಬೇಡ.

ಯುಎಸ್‌ಬಿ ಡಿಸ್ಕಿನ ಮೇಲೆ ಸೀಡ್ ಎಂಬ ಹೆಸರಿನ ಪೂಲ್ ಮಾಡಿ, ಸೆಂಡ್–ರಿಸೀವ್ (ಸ್ನ್ಯಾಪ್‌ಶಾಟನ್ನು ಒಂದು ಕಡೆಯಿಂದ ಕಳಿಸಿ ಇನ್ನೊಂದು ಕಡೆ ಇಳಿಸಿಕೊಳ್ಳುವ ಕಮಾಂಡ್ ಜೋಡಿ) ಮೂಲಕವೇ ಅದಕ್ಕೆ ತುಂಬಿಸಿ, ಜೆಡ್‌ಪೂಲ್ ಎಕ್ಸ್‌ಪೋರ್ಟ್ ಮಾಡಿ ಕೊಡಿ. ಗೋವಾದಲ್ಲಿ ಇಂಪೋರ್ಟ್ ಮಾಡಿ, ಅಲ್ಲಿಂದ ಬ್ಯಾಕಪ್ ಪೂಲಿಗೆ ಮತ್ತೆ ಸೆಂಡ್–ರಿಸೀವ್. ಫೈಲ್‌ಗಳನ್ನು ಸಿಪಿ ಅಥವಾ ಆರ್‌ಸಿಂಕ್‌ನಿಂದ ನಕಲು ಮಾಡಿದರೆ ಫೈಲ್‌ಗಳೇನೋ ಬರುತ್ತವೆ, ಆದರೆ ಸ್ನ್ಯಾಪ್‌ಶಾಟಿನ ಗುರುತು ಬರುವುದಿಲ್ಲ; ಮುಂದಿನ ಇನ್‌ಕ್ರಿಮೆಂಟಲ್ (ಹಿಂದಿನ ಸ್ನ್ಯಾಪ್‌ಶಾಟಿನ ನಂತರ ಬದಲಾದದ್ದು ಮಾತ್ರ) ಯಾವುದೂ ಅದರ ಮೇಲೆ ಕೂರುವುದಿಲ್ಲ. ಡಿಸ್ಕ್ ಮುಂಬಯಿ ಬಿಡುವ ಮೊದಲೇ ಆ ಸ್ನ್ಯಾಪ್‌ಶಾಟಿಗೆ ಹೋಲ್ಡ್ (ಅಳಿಸದಂತೆ ಕಾವಲು) ಹಾಕಿ. ಹೇಗೆಂದು ಕೆಳಗಿದೆ.

ಕಡಿದಲ್ಲಿಂದಲೇ ಮುಂದುವರಿಸುವುದು

ದಿನನಿತ್ಯದ ಕಮಾಂಡ್ ಹೀಗಿರಲಿ (ಎಸ್‌ಎಸ್‌ಎಚ್ ಎಂದರೆ ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ):

ಜೆಡ್‌ಎಫ್‌ಎಸ್ ಸೆಂಡ್ -ಡಬ್ಲ್ಯೂ -ಐ @ಜೂನ್10 ಟ್ಯಾಂಕ್/ದಫ್ತರ್@ಜೂನ್11 | ಎಸ್‌ಎಸ್‌ಎಚ್ ಮಡಗಾಂವ್ "ಜೆಡ್‌ಎಫ್‌ಎಸ್ ರಿಸೀವ್ -ಎಸ್ -ಯು ಬ್ಯಾಕಪ್/ದಫ್ತರ್"

ಇದರಲ್ಲಿ ಜೀವಾಳ ರಿಸೀವ್‌ನ -ಎಸ್. ಅದಿಲ್ಲದಿದ್ದರೆ 40 ಜಿಬಿಯಲ್ಲಿ 39 ಬಂದು ಕಡಿದರೂ 39 ಜಿಬಿಯನ್ನೂ ಎಸೆದು ಮೊದಲಿನಿಂದ ಶುರುಮಾಡಬೇಕು. ಅದಿದ್ದರೆ ಬಂದಷ್ಟು ಗೋವಾದ ಡಿಸ್ಕಿನಲ್ಲಿ ಉಳಿಯುತ್ತದೆ. ಅಲ್ಲಿ ಕರೆಂಟೇ ಹೋಗಿದ್ದರೂ ಡಿಸ್ಕಿಗೆ ಬರೆದು ಮುಗಿಸಿದಷ್ಟು ಭಾಗಕ್ಕೆ ಮೋಸವಿಲ್ಲ. ಸೆಂಡ್‌ನ -ಐ ಎಂದರೆ ಜೂನ್10ರಿಂದ ಜೂನ್11ರವರೆಗೆ ಬದಲಾದದ್ದು ಮಾತ್ರ ಕಳಿಸು ಎಂದು. -ಯು ಎಂದರೆ ಬಂದದ್ದನ್ನು ಮೌಂಟ್ ಮಾಡಬೇಡ (ಫೋಲ್ಡರಾಗಿ ತೆರೆದಿಡಬೇಡ) ಎಂದು. -ಡಬ್ಲ್ಯೂ ಎಂದರೆ ಡಿಸ್ಕಿನಲ್ಲಿ ಹೇಗಿದೆಯೋ ಹಾಗೇ ಕಳಿಸು ಎಂದು. ಎನ್‌ಕ್ರಿಪ್ಟ್ ಆದ ಡೇಟಾಸೆಟ್ ಆದರೆ ಕಳಿಸುವಾಗ ಕೀಲಿ ಗೋವಾ ಯಂತ್ರಕ್ಕೆ ಹೋಗುವುದೇ ಇಲ್ಲ. ನೆಂಟರ ಮನೆಯಲ್ಲಿ ಯಂತ್ರ ಇಟ್ಟಿರುವವರಿಗೆ ಇದು ದೊಡ್ಡ ಸಮಾಧಾನ. ಆದರೆ ಒಮ್ಮೆ -ಡಬ್ಲ್ಯೂ ಹಾಕಿ ಶುರುಮಾಡಿದರೆ ಕೊನೆವರೆಗೂ ಹಾಕಬೇಕು, ನಡುವೆ ಬಿಡುವಂತಿಲ್ಲ.

ಕಡಿದ ಮೇಲೆ ಮಾಡುವುದಿಷ್ಟು. ಗೋವಾ ಯಂತ್ರವನ್ನು ಕೇಳಿ:

ಜೆಡ್‌ಎಫ್‌ಎಸ್ ಗೆಟ್ -ಎಚ್ -ಒ ವ್ಯಾಲ್ಯೂ ರಿಸೀವ್_ರೆಸ್ಯೂಮ್_ಟೋಕನ್ ಬ್ಯಾಕಪ್/ದಫ್ತರ್

(ಇಲ್ಲಿ ಎಚ್ ಕ್ಯಾಪಿಟಲ್.) ಉತ್ತರವಾಗಿ ಬರೀ ಒಂದು ಅಡ್ಡಗೆರೆ ಬಂದರೆ ಅರ್ಧಕ್ಕೆ ನಿಂತದ್ದು ಏನೂ ಇಲ್ಲ, ಮಾಮೂಲಿ ಸೆಂಡ್ ಮಾಡಬಹುದು. 1- ಎಂದು ಶುರುವಾಗಿ ಅಂಕೆ ಅಕ್ಷರಗಳ ಉದ್ದನೆಯ ಸಾಲು ಬಂದರೆ ಅದೇ ಟೋಕನ್, ಎಲ್ಲಿಗೆ ನಿಂತಿತೆಂಬ ಗುರುತು. ಅದನ್ನು ಒಂದಕ್ಷರ ಬಿಡದೆ ಮುಂಬಯಿಯಲ್ಲಿ ಜೆಡ್‌ಎಫ್‌ಎಸ್ ಸೆಂಡ್ -ಟಿ ಮುಂದೆ ಅಂಟಿಸಿ, ರಿಸೀವ್ ಕಡೆ ಮೊದಲಿನ ಹಾಗೆ -ಎಸ್ ಸಮೇತ ಓಡಿಸಿ. ಟರ್ಮಿನಲ್‌ನಿಂದ ನಕಲು ಮಾಡುವಾಗ ಸಾಲು ಮುರಿದು ನಡುವೆ ಜಾಗ ಸೇರಿಕೊಂಡರೆ ಟೋಕನ್ ಹಾಳು. ಆದ್ದರಿಂದ ಕೈಯಿಂದ ಅಂಟಿಸುವ ಬದಲು ಸ್ಕ್ರಿಪ್ಟ್‌ನ ವೇರಿಯಬಲ್‌ಗೆ ಹಾಕಿಕೊಳ್ಳುವುದೇ ಮೇಲು. ಟೋಕನ್ ಒಳಗೆ ಏನಿದೆ ಎಂದು ನೋಡಬೇಕಿದ್ದರೆ ಸೆಂಡ್ -ಎನ್‌ವಿ -ಟಿ ಎಂದು ಕೊಡಿ: ಏನನ್ನೂ ಕಳಿಸದೆ, ಯಾವ ಸ್ನ್ಯಾಪ್‌ಶಾಟ್, ಎಷ್ಟು ಬೈಟ್ ಆಗಿದೆ ಎಂದು ತೋರಿಸುತ್ತದೆ.

ಟೋಕನ್ ಹಿಡಿಯುವುದು ಒಂದು ಸ್ನ್ಯಾಪ್‌ಶಾಟನ್ನು ಮಾತ್ರ. ಕ್ಯಾಪಿಟಲ್ -ಐ ಹಾಕಿ ಮೂವತ್ತು ಸ್ನ್ಯಾಪ್‌ಶಾಟ್ ಒಟ್ಟಿಗೆ ಕಳಿಸುವಾಗ ಹನ್ನೆರಡನೆಯದರಲ್ಲಿ ಕಡಿದರೆ, ಟೋಕನ್‌ನಿಂದ ಹನ್ನೆರಡನೆಯದು ಮಾತ್ರ ಮುಗಿಯುತ್ತದೆ. ಹದಿಮೂರರಿಂದ ಮುಂದಿನದಕ್ಕೆ ಬೇರೆ ಸೆಂಡ್ ಬೇಕು. ಕೆಟ್ಟ ಲಿಂಕಿನಲ್ಲಿ ಸಣ್ಣ -ಐ ಹಾಕಿ ಒಂದೊಂದಾಗಿ ಕಳಿಸುವುದು ಒಳ್ಳೆಯದು. ಗಂಟೆಗೊಂದು ಸ್ನ್ಯಾಪ್‌ಶಾಟ್ ಇದ್ದರೆ ಪ್ರತಿ ತುತ್ತೂ ಸಣ್ಣದು, ಮಳೆ ನಿಂತ ಅರ್ಧ ಗಂಟೆಯಲ್ಲೂ ಎರಡು ಮೂರು ದಾಟಿಹೋಗುತ್ತವೆ.

ಅರ್ಧಕ್ಕೆ ನಿಂತದ್ದು ಬೇಡವೇ ಬೇಡ ಎಂದಾದರೆ ಗೋವಾದಲ್ಲಿ ಜೆಡ್‌ಎಫ್‌ಎಸ್ ರಿಸೀವ್ ಕ್ಯಾಪಿಟಲ್ -ಎ ಬ್ಯಾಕಪ್/ದಫ್ತರ್. ಅಷ್ಟರಲ್ಲಿ ಮುಂಬಯಿಯಲ್ಲಿ ಆ ಸ್ನ್ಯಾಪ್‌ಶಾಟನ್ನು ಯಾರೋ ಅಳಿಸಿಬಿಟ್ಟಿದ್ದರೆ ಟೋಕನ್ ಕೆಲಸಕ್ಕೆ ಬಾರದು, "ಯೂಸ್ಡ್ ಇನ್ ದಿ ಇನಿಶಿಯಲ್ ಸೆಂಡ್ ನೋ ಲಾಂಗರ್ ಎಗ್ಸಿಸ್ಟ್ಸ್" ಎಂದು ಬರುತ್ತದೆ. ಆಗಲೂ ಇದೇ ದಾರಿ.

"ಬ್ಯುಸಿ" ಎಂದರೆ ಸತ್ತ ಸಂಪರ್ಕ ಇನ್ನೂ ಕೂತಿದೆ

ಜನ ಹೆಚ್ಚು ತಲೆಕೆಡಿಸಿಕೊಳ್ಳುವುದು ಇಲ್ಲಿ. ಮುಂಬಯಿ ಕಡೆ "ಬ್ರೋಕನ್ ಪೈಪ್" ಬಂದು ಹತ್ತು ನಿಮಿಷವಾಗಿದೆ, ಲಿಂಕ್ ಮತ್ತೆ ಬಂದಿದೆ, ಆದರೆ ಹೊಸದಾಗಿ ಕಳಿಸಿದರೆ ಗೋವಾ ಯಂತ್ರ "ಡೇಟಾಸೆಟ್ ಈಸ್ ಬ್ಯುಸಿ" ಎನ್ನುತ್ತದೆ. ಕಾರಣ ಸರಳ. ಸಂಪರ್ಕ ಹೋದದ್ದು ಮುಂಬಯಿಗೆ ಗೊತ್ತಾಗಿದೆ, ಗೋವಾಕ್ಕೆ ಗೊತ್ತಾಗಿಲ್ಲ. ಅಲ್ಲಿ ಹಳೆಯ ರಿಸೀವ್ ಇನ್ನೂ ಬಾಯಿ ತೆರೆದು ಕಾಯುತ್ತ ಕೂತಿದೆ. ಲಿನಕ್ಸ್ ತಾನಾಗಿ ಟಿಸಿಪಿ ಸಂಪರ್ಕ ಜೀವಂತವಿದೆಯೇ ಎಂದು ಮುಟ್ಟಿನೋಡುವುದು 7200 ಸೆಕೆಂಡಿನ ನಂತರ, ಅಂದರೆ ಎರಡು ಗಂಟೆ.

ತಕ್ಷಣದ ಮದ್ದು: ಗೋವಾ ಯಂತ್ರದಲ್ಲಿ ಪಿಎಸ್ ಕೊಟ್ಟು ಹಳೆಯ ಜೆಡ್‌ಎಫ್‌ಎಸ್ ರಿಸೀವ್ ಹುಡುಕಿ, ಅದಕ್ಕೆ ಸಂಬಂಧಿಸಿದ ಎಸ್‌ಎಸ್‌ಎಚ್ ಸೆಷನ್ನನ್ನು ಕಿಲ್ ಮಾಡಿ. ಕಿಲ್ -9 ಬೇಡ, ಮಾಮೂಲಿ ಕಿಲ್ ಸಾಕು. ಇನ್‌ಪುಟ್ ಮುಗಿಯಿತೆಂದು ರಿಸೀವ್ ತಾನೇ ಕೆಲಸ ಕಟ್ಟಿಟ್ಟು ಹೊರಬರುತ್ತದೆ. ನಂತರ ಟೋಕನ್ ಕೇಳಿ.

ಶಾಶ್ವತ ಮದ್ದು: ಗೋವಾದ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಕ್ಲೈಂಟ್‌ಅಲೈವ್‌ಇಂಟರ್ವಲ್ 15, ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್ 3, ಮುಂಬಯಿಯ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 15, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3. ಸತ್ತ ಸಂಪರ್ಕ 45 ಸೆಕೆಂಡಿನಲ್ಲಿ ಎರಡೂ ಕಡೆ ಬಿದ್ದುಹೋಗುತ್ತದೆ. ಇಂಟರ್ವಲ್ ಎರಡೂ ಕಡೆ ಹುಟ್ಟಿನಿಂದ ಸೊನ್ನೆ, ಅಂದರೆ ಆಫ್. ಒಂದೇ ಕಡೆ ಹಾಕಿ ಇನ್ನೊಂದನ್ನು ಮರೆಯುವುದರಿಂದಲೇ ಈ ಬ್ಯುಸಿ ಕಾಟ.

ಹೋಲ್ಡ್ ಮತ್ತು ಬುಕ್‌ಮಾರ್ಕ್: ಇಲ್ಲಿ ಸೋಮಾರಿತನ ಬೇಡ

ಕೆಡುವ ಬಗೆ ಹೀಗೆ. ಜುಲೈ 3ರಂದು ಕೊನೆಯ ಸ್ನ್ಯಾಪ್‌ಶಾಟ್ ಗೋವಾ ತಲುಪಿತು. 4ಕ್ಕೆ ಫೈಬರ್ ಕಡಿಯಿತು, ರಿಪೇರಿಗೆ ಹತ್ತು ದಿನ ಹಿಡಿಯಿತು. ಮುಂಬಯಿಯಲ್ಲಿ ಏಳು ದಿನಕ್ಕಿಂತ ಹಳೆಯದನ್ನು ಅಳಿಸುವ ಕ್ರಾನ್ (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸ) ತನ್ನ ಪಾಡಿಗೆ ಓಡುತ್ತಲೇ ಇತ್ತು. 14ಕ್ಕೆ ಲಿಂಕ್ ಬಂದಾಗ ಮುಂಬಯಿಯಲ್ಲಿರುವ ಅತಿ ಹಳೆಯದು ಜುಲೈ 7ರದ್ದು, ಗೋವಾದಲ್ಲಿರುವ ಅತಿ ಹೊಸದು ಜುಲೈ 3ರದ್ದು. ನಡುವೆ ಕೊಂಡಿಯಿಲ್ಲ. ಎರಡೂ ಕಡೆ ಡೇಟಾ ಸರಿಯಾಗಿದ್ದೂ ಪೂರ್ತಿ ಟಿಬಿಯನ್ನು ಮತ್ತೆ ಕಳಿಸಬೇಕು.

ಇದನ್ನು ತಡೆಯಲು ಒಂದು ಸಾಲು ಸಾಕು. ಕಳಿಸುವುದು ಯಶಸ್ವಿಯಾದ ತಕ್ಷಣ ಎರಡೂ ಕಡೆ ಜೆಡ್‌ಎಫ್‌ಎಸ್ ಹೋಲ್ಡ್ ಗೋವಾ ಟ್ಯಾಂಕ್/ದಫ್ತರ್@ಜೂನ್11 (ಅಲ್ಲಿ ಬ್ಯಾಕಪ್/ದಫ್ತರ್). ಇಲ್ಲಿ ಗೋವಾ ಎಂಬುದು ಬರೀ ಚೀಟಿ, ಯಾವ ಪದವೂ ಆಗಬಹುದು. ಹೋಲ್ಡ್ ಇರುವ ಸ್ನ್ಯಾಪ್‌ಶಾಟನ್ನು ಯಾವ ಕ್ರಾನೂ ಅಳಿಸಲಾರದು. ಹೊಸದಕ್ಕೆ ಹೋಲ್ಡ್ ಬಿದ್ದ ಮೇಲೆಯೇ ಹಳೆಯದಕ್ಕೆ ರಿಲೀಸ್ ಕೊಡಿ. ಈ ಕ್ರಮ ಅದಲುಬದಲಾದರೆ, ನಡುವೆ ಸ್ಕ್ರಿಪ್ಟ್ ನಿಂತ ದಿನ ಎರಡಕ್ಕೂ ಕಾವಲಿಲ್ಲ.

ಹೋಲ್ಡ್‌ಗೆ ಬೆಲೆಯಿದೆ: ಹತ್ತು ದಿನ ಹಿಡಿದಿಟ್ಟರೆ ಆ ಹತ್ತು ದಿನದಲ್ಲಿ ಅಳಿಸಿದ ಫೈಲ್‌ಗಳ ಜಾಗ ಖಾಲಿಯಾಗುವುದಿಲ್ಲ. ಮುಂಬಯಿ ಡಿಸ್ಕ್ ತುಂಬಿಬರುತ್ತಿದ್ದರೆ ಬುಕ್‌ಮಾರ್ಕ್ ಮಾಡಿ:

ಜೆಡ್‌ಎಫ್‌ಎಸ್ ಬುಕ್‌ಮಾರ್ಕ್ ಟ್ಯಾಂಕ್/ದಫ್ತರ್@ಜೂನ್11 ಟ್ಯಾಂಕ್/ದಫ್ತರ್#ಜೂನ್11

ಇದು ಸ್ನ್ಯಾಪ್‌ಶಾಟಿನ ಗುರುತನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಜಾಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸ್ನ್ಯಾಪ್‌ಶಾಟ್ ಅಳಿದರೂ ಸೆಂಡ್ -ಐ #ಜೂನ್11 ಎಂದು ಅಲ್ಲಿಂದ ಮುಂದಕ್ಕೆ ಕಳಿಸಬಹುದು. ಮಿತಿ ಎರಡು: ಬುಕ್‌ಮಾರ್ಕ್ ಕೆಲಸಕ್ಕೆ ಬರುವುದು ಕಳಿಸುವ ಕಡೆ ಮಾತ್ರ, ಗೋವಾದಲ್ಲಿ ನಿಜವಾದ ಸ್ನ್ಯಾಪ್‌ಶಾಟ್ ಇರಲೇಬೇಕು, ಮತ್ತು ಕ್ಯಾಪಿಟಲ್ -ಐ ಜೊತೆ ಅದು ನಡೆಯುವುದಿಲ್ಲ. ನಮ್ಮ ಸಲಹೆ, ಪ್ರತಿ ಯಶಸ್ಸಿನ ನಂತರ ಹೋಲ್ಡ್ ಮತ್ತು ಬುಕ್‌ಮಾರ್ಕ್ ಎರಡನ್ನೂ ಮಾಡಿ. ಬುಕ್‌ಮಾರ್ಕ್‌ಗಳನ್ನು ವರ್ಷಗಟ್ಟಲೆ ಇಟ್ಟರೂ ನಷ್ಟವಿಲ್ಲ.

ಕೊಂಡಿ ಇದೆಯೋ ಇಲ್ಲವೋ ಪರೀಕ್ಷಿಸುವ ಬಗೆ

"ಮೋಸ್ಟ್ ರೀಸೆಂಟ್ ಸ್ನ್ಯಾಪ್‌ಶಾಟ್ ಡಸ್ ನಾಟ್ ಮ್ಯಾಚ್ ಇನ್‌ಕ್ರಿಮೆಂಟಲ್ ಸೋರ್ಸ್" ಎಂದು ಬಂದಾಗ ಗಾಬರಿಯಾಗಿ ಏನನ್ನೂ ಡಿಸ್ಟ್ರಾಯ್ ಮಾಡಬೇಡಿ. ಎರಡೂ ಕಡೆ ಈ ಪಟ್ಟಿ ತೆಗೆಯಿರಿ:

ಜೆಡ್‌ಎಫ್‌ಎಸ್ ಲಿಸ್ಟ್ -ಟಿ ಸ್ನ್ಯಾಪ್‌ಶಾಟ್ -ಒ ನೇಮ್,ಜಿಯುಐಡಿ -ಎಸ್ ಕ್ರಿಯೇಟ್‌ಟಿಎಕ್ಸ್‌ಜಿ -ಡಿ 1

ಜೊತೆಗೆ ಡೇಟಾಸೆಟ್ ಹೆಸರು. ಹೆಸರು ಹೋಲಿಸಬೇಡಿ, ಜಿಯುಐಡಿ (ಪ್ರತಿ ಸ್ನ್ಯಾಪ್‌ಶಾಟಿಗೂ ಇರುವ ವಿಶಿಷ್ಟ ಸಂಖ್ಯೆ) ಹೋಲಿಸಿ. ಹೆಸರು ಒಂದೇ ಇದ್ದೂ ಬೇರೆ ಸ್ನ್ಯಾಪ್‌ಶಾಟ್ ಆಗಿರಬಹುದು: ಗೋವಾ ಯಂತ್ರದಲ್ಲೂ ಯಾರೋ ದಿನನಿತ್ಯದ ಸ್ನ್ಯಾಪ್‌ಶಾಟ್ ಕ್ರಾನ್ ಚಾಲೂ ಮಾಡಿಟ್ಟಿದ್ದರೆ ಅಲ್ಲಿಯೂ ಜೂನ್11 ಎಂಬುದು ಹುಟ್ಟಿಕೊಳ್ಳುತ್ತದೆ. ಅಂಥ ಕ್ರಾನನ್ನು ಬ್ಯಾಕಪ್ ಪೂಲಿನ ಮೇಲೆ ಓಡಿಸಲೇಬಾರದು. ಹಾಗೆಯೇ ಹೆಸರು ಬದಲಾಗಿದ್ದರೂ ಜಿಯುಐಡಿ ಒಂದೇ ಇದ್ದರೆ ಕೊಂಡಿ ಗಟ್ಟಿಯಾಗಿದೆ.

ಗೋವಾದ ಅತಿ ಹೊಸದು ಮುಂಬಯಿಯಲ್ಲಿ ಇಲ್ಲ, ಆದರೆ ಅದಕ್ಕಿಂತ ಹಳೆಯದೊಂದು ಎರಡೂ ಕಡೆ ಸಿಕ್ಕಿತು ಎಂದರೆ ಗೋವಾದಲ್ಲಿ ರೋಲ್‌ಬ್ಯಾಕ್ -ಆರ್ ಕೊಟ್ಟು ಅಲ್ಲಿಗೆ ಹಿಂದಿರುಗಿ. ಅದರ ಮುಂದಿನವು ಗೋವಾದಲ್ಲಿ ಅಳಿಯುತ್ತವೆ, ಆ ದಿನಗಳ ಇತಿಹಾಸ ಬೇಡವೆಂದು ಖಾತ್ರಿ ಮಾಡಿಕೊಂಡೇ ಮಾಡಿ. ಸ್ನ್ಯಾಪ್‌ಶಾಟ್ ಸಿಗದಿದ್ದರೆ ಮುಂಬಯಿಯ ಬುಕ್‌ಮಾರ್ಕ್‌ಗಳ ಜಿಯುಐಡಿ ನೋಡಿ. -ಟಿ ಬುಕ್‌ಮಾರ್ಕ್ ಎಂದರೆ ಅವೂ ಪಟ್ಟಿಯಾಗುತ್ತವೆ. ಅದೂ ಇಲ್ಲವಾದರೆ ಪೂರ್ತಿ ಪ್ರತಿಯೇ ಗತಿ. ಆದರೆ ಅದನ್ನು ಬ್ಯಾಕಪ್/ದಫ್ತರ್2 ಎಂಬ ಹೊಸ ಹೆಸರಿಗೆ ಇಳಿಸಿ, ಅದು ಮುಗಿದು ಪರೀಕ್ಷೆಯಾಗುವವರೆಗೂ ಹಳೆಯದನ್ನು ಮುಟ್ಟಬೇಡಿ. ಹಳೆಯದನ್ನು ಮೊದಲು ಅಳಿಸಿದರೆ ಹತ್ತು ದಿನ ನಿಮ್ಮ ಬಳಿ ಬ್ಯಾಕಪ್ಪೇ ಇಲ್ಲ.

"ಹ್ಯಾಸ್ ಬೀನ್ ಮಾಡಿಫೈಡ್"

ಇದು ಬೇರೆ ಕಾಯಿಲೆ. ಗೋವಾದ ಪ್ರತಿಯನ್ನು ಯಾರೋ ಮೌಂಟ್ ಮಾಡಿ ಫೋಲ್ಡರ್ ತೆರೆದು ನೋಡಿದ್ದಾರೆ. ಫೈಲ್ ಓದಿದ ಸಮಯ ಬರೆದುಕೊಂಡದ್ದೇ ಬದಲಾವಣೆ ಎನಿಸಿಕೊಂಡಿದೆ. ಜೆಡ್‌ಎಫ್‌ಎಸ್ ಗೆಟ್ ರಿಟನ್ ಬ್ಯಾಕಪ್/ದಫ್ತರ್ ಎಂದು ಕೇಳಿ. ಕೆಲವು ಕೆಬಿ ಇದ್ದರೆ ಇದೇ. ನೂರಾರು ಎಂಬಿ ಇದ್ದರೆ ಯಾರೋ ನಿಜವಾಗಿ ಏನೋ ಬರೆದಿದ್ದಾರೆ, ಮೊದಲು ಅದೇನೆಂದು ನೋಡಿ ಎತ್ತಿಟ್ಟುಕೊಳ್ಳಿ. ಆಮೇಲೆ ಕೊನೆಯ ಸ್ನ್ಯಾಪ್‌ಶಾಟಿಗೆ ರೋಲ್‌ಬ್ಯಾಕ್ ಮಾಡಿ, ಬ್ಯಾಕಪ್ ಪೂಲಿಗೆ ರೀಡ್‌ಓನ್ಲಿ=ಆನ್ ಹಾಕಿ. ರೀಡ್‌ಓನ್ಲಿ ಇದ್ದರೂ ರಿಸೀವ್ ನಡೆಯುತ್ತದೆ, ಅದರ ಬಗ್ಗೆ ಅನುಮಾನ ಬೇಡ.

ರಿಸೀವ್‌ಗೆ ಕ್ಯಾಪಿಟಲ್ -ಎಫ್ ಹಾಕಿದರೆ ಈ ದೋಷ ಬರುವುದೇ ಇಲ್ಲವೆಂದು ಸ್ಕ್ರಿಪ್ಟ್‌ನಲ್ಲಿ ಕಾಯಂ ಹಾಕಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೆಂಡ್ ಕಡೆ ಕ್ಯಾಪಿಟಲ್ -ಆರ್ ಇನ್‌ಕ್ರಿಮೆಂಟಲ್ ಜೊತೆ ಇದು ಸೇರಿದರೆ, ಮುಂಬಯಿಯಲ್ಲಿ ಇಲ್ಲದ ಸ್ನ್ಯಾಪ್‌ಶಾಟ್‌ಗಳನ್ನೆಲ್ಲ ಗೋವಾದಲ್ಲೂ ಅಳಿಸುತ್ತದೆ. ಮುಂಬಯಿಯಲ್ಲಿ ತಪ್ಪಿ ಅಳಿಸಿದ್ದನ್ನು ಉಳಿಸಲೆಂದೇ ಅಲ್ಲವೇ ಗೋವಾದ ಪ್ರತಿ ಇರುವುದು.

ತಪ್ಪು ನೆಟ್‌ವರ್ಕಿನದ್ದೇ ಆದಾಗ

ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಸಣ್ಣ ಕಮಾಂಡ್ ಓಡುತ್ತದೆ, ಸೆಂಡ್ ಶುರುಮಾಡಿದ ಕೂಡಲೇ ಕಲ್ಲಿನ ಹಾಗೆ ನಿಲ್ಲುತ್ತದೆ. ಹೀಗಾದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟ್ ಲೆಕ್ಕದಲ್ಲಿ) ಮೇಲೆ ಅನುಮಾನಪಡಿ: ಸಣ್ಣ ಪ್ಯಾಕೆಟ್ ದಾಟುತ್ತದೆ, ದೊಡ್ಡದು ದಾರಿಯಲ್ಲೆಲ್ಲೋ ಸದ್ದಿಲ್ಲದೆ ಬೀಳುತ್ತದೆ. ಪಿಪಿಪಿಒಇ (ರೂಟರಿನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸಂಪರ್ಕಿಸುವ ಬ್ರಾಡ್‌ಬ್ಯಾಂಡ್) ಲೈನಿನಲ್ಲಿ ಎಂಟಿಯು 1492. ಪರೀಕ್ಷೆಗೆ ಪಿಂಗ್ ಕ್ಯಾಪಿಟಲ್ -ಎಂ ಡು -ಎಸ್ 1464 ಎಂದು ಗೋವಾದ ವಿಳಾಸಕ್ಕೆ ಕಳಿಸಿ. 1464ಕ್ಕೆ ಹೆಡರಿನ 28 ಸೇರಿ 1492. ಉತ್ತರ ಬರದಿದ್ದರೆ ಹತ್ತತ್ತು ಇಳಿಸುತ್ತ ಹೋಗಿ. ಬಂದ ಸಂಖ್ಯೆಗೆ 28 ಕೂಡಿಸಿದರೆ ಅದೇ ನಿಮ್ಮ ದಾರಿಯ ಎಂಟಿಯು.

ಎರಡು ಊರಿನ ನಡುವೆ ಖಾಸಗಿ ಸುರಂಗ ಮಾಡುವ ವಿಪಿಎನ್ ಆದ ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಹೊರಗಿನ ಸಂಪರ್ಕ ಐಪಿವಿ4 ಆದರೆ ಅದರ ಮೇಲೆ 60 ಸೇರಿ 1480, ಪಿಪಿಪಿಒಇಯಲ್ಲಿ ಹಿಡಿಸುತ್ತದೆ. ಐಪಿವಿ6 ಆದರೆ 80 ಸೇರಿ 1500, ಹಿಡಿಸುವುದಿಲ್ಲ, 1412ಕ್ಕೆ ಇಳಿಸಿ. ಫೈಬರ್ ಹೋದಾಗ ಮೊಬೈಲ್ ಡಾಂಗಲ್‌ಗೆ ಬದಲಾಗುವ ವ್ಯವಸ್ಥೆ ಇದ್ದರೆ ಲೆಕ್ಕಾಚಾರ ಬಿಟ್ಟು 1280 ಇಟ್ಟುಬಿಡಿ. ವೇಗ ತುಸು ಕಡಿಮೆಯಾದೀತು, ನಿಲ್ಲುವುದು ತಪ್ಪುತ್ತದೆ.

ರೂಟರಿನ ವ್ಯಾನ್ (ಇಂಟರ್‌ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ (ಕಂಪನಿ ಒಂದೇ ಪಬ್ಲಿಕ್ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದಿದ್ದೀರಿ, ಹೊರಗಿನಿಂದ ಯಾರೂ ಬರಲಾರರು. ಪಬ್ಲಿಕ್ ವಿಳಾಸ ಇರುವ ಊರು ಕಾಯಲಿ, ಇಲ್ಲದ ಊರು ಕರೆಯಲಿ. ಕರೆಯುವ ಕಡೆ ವೈರ್‌ಗಾರ್ಡ್‌ನಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25.

ಅಪ್‌ಲೋಡ್ ಪೂರ್ತಿ ಕಬಳಿಸಿದರೆ ಹೋಟೆಲಿನ ಕೌಂಟರಿನಲ್ಲಿ ಯುಪಿಐ ತಿರುಗುತ್ತಲೇ ಇರುತ್ತದೆ. ಸೆಂಡ್ ಮತ್ತು ಎಸ್‌ಎಸ್‌ಎಚ್ ನಡುವೆ, ಹರಿಯುವ ಡೇಟಾವನ್ನು ಅಳೆದು ವೇಗಕ್ಕೆ ಮಿತಿ ಹಾಕುವ ಪಿವಿ ಕ್ಯಾಪಿಟಲ್ -ಎಲ್ 600ಕೆ ಸೇರಿಸಿದರೆ ಸುಮಾರು 5 ಎಂಬಿಪಿಎಸ್‌ಗೆ ಕಟ್ಟುಬೀಳುತ್ತದೆ. ಎಂಬಫರ್ (ಡೇಟಾವನ್ನು ಮೆಮೊರಿಯಲ್ಲಿ ಕೂಡಿಟ್ಟು ಮುಂದೆ ಕಳಿಸುವ ಕಮಾಂಡ್) ಬೇಕೇ ಎಂದು ಕೇಳುವವರಿಗೆ: ಇಷ್ಟು ನಿಧಾನದ ಲೈನಿಗೆ ಬೇಡ. ಒಂದು ಜಿಬಿ ಬಫರ್ ಇಟ್ಟರೆ, ಅದರ ಹಿಂದಿರುವ ಪಿವಿ ಒಂದು ಜಿಬಿ ಹೋಯಿತೆಂದು ಹೇಳುತ್ತದೆ, ಆದರೆ ಅದು ಇನ್ನೂ ಮುಂಬಯಿಯ ಮೆಮೊರಿಯಲ್ಲೇ ಇರುತ್ತದೆ.

ಗೋವಾ ಯಂತ್ರಕ್ಕೆ ಯುಪಿಎಸ್ ಇದ್ದರೆ ಸಾಲದು, ಫೈಬರ್ ಪೆಟ್ಟಿಗೆಗೂ ರೂಟರಿಗೂ 12 ವೋಲ್ಟಿನ ಮಿನಿ ಯುಪಿಎಸ್ ಬೇಕು (ಅಡಾಪ್ಟರಿನ ಮೇಲೆ ವೋಲ್ಟ್ ಎಷ್ಟೆಂದು ಓದಿಯೇ ತನ್ನಿ). ಲಿಂಕ್ ಹೋದಾಗ ಮನೆಯವರಿಗೆ ಫೋನ್ ಮಾಡಿ ಕೇಳಬೇಕಾದ್ದು ಒಂದೇ: "ಅತ್ತೆ, ಆ ಬಿಳಿ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅಂತ ಬರೆದಿದೆಯಲ್ಲ, ಅಲ್ಲಿ ಕೆಂಪು ದೀಪ ಮಿನುಗ್ತಾ ಇದೆಯಾ?" ಹೌದೆಂದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ರೂಟರ್ ಆಫ್ ಆನ್ ಮಾಡಿಸಿ ಅವರನ್ನು ದಣಿಸಬೇಡಿ, ಕಂಪನಿಗೆ ದೂರು ಕೊಡಿ.

ಸ್ಕ್ರಿಪ್ಟ್ ಸುಳ್ಳು ಹೇಳದಿರಲಿ

ಶೆಲ್ ಪೈಪ್‌ನಲ್ಲಿ ಕೊನೆಯ ಕಮಾಂಡ್ ಗೆದ್ದರೆ ಇಡೀ ಸಾಲು ಗೆದ್ದಿತೆಂದೇ ಬ್ಯಾಶ್ ಹೇಳುತ್ತದೆ. ಮೇಲೆಯೇ ಸೆಟ್ -ಒ ಪೈಪ್‌ಫೇಲ್ ಬರೆಯಿರಿ. ಫ್ಲಾಕ್ -ಎನ್ ಹಾಕಿ, ಇಲ್ಲದಿದ್ದರೆ ನಿನ್ನೆಯದು ಮುಗಿಯುವ ಮೊದಲೇ ಇಂದಿನದು ಎದ್ದು ಎರಡೂ ಒಂದೇ ಡೇಟಾಸೆಟ್ಟಿಗೆ ನುಗ್ಗುತ್ತವೆ. ಒಳಗಿನ ಕೆಲಸ ಇಷ್ಟೇ: ಟೋಕನ್ ಕೇಳು, ಇದ್ದರೆ -ಟಿ, ಇಲ್ಲದಿದ್ದರೆ ಮುಂದಿನ ಸ್ನ್ಯಾಪ್‌ಶಾಟ್, ಸೋತರೆ 60 ಸೆಕೆಂಡ್ ಕಾದು ಮತ್ತೆ ಟೋಕನ್‌ನಿಂದ ಶುರು. ಟೋಕನ್ ಕೇಳುವ ಎಸ್‌ಎಸ್‌ಎಚ್ ತಾನೇ ಸೋತಾಗ (ಎಗ್ಸಿಟ್ ಕೋಡ್ 255) ಖಾಲಿ ಉತ್ತರವನ್ನು "ಟೋಕನ್ ಇಲ್ಲ" ಎಂದು ತಿಳಿಯಬಾರದು. ಸ್ವಂತ ಬರೆಯುವ ವ್ಯವಧಾನ ಇಲ್ಲದವರು ಸ್ಯಾನಾಯ್ಡ್ ಜೊತೆ ಬರುವ ಸಿಂಕಾಯ್ಡ್ ಬಳಸಲಿ, ಟೋಕನ್ ವ್ಯವಹಾರ ಅದೇ ನೋಡಿಕೊಳ್ಳುತ್ತದೆ.

ಎಚ್ಚರಿಕೆಯ ಗಂಟೆ ಗೋವಾ ಕಡೆಯಿಂದಲೂ ಬಾರಿಸಬೇಕು. ಅತಿ ಹೊಸ ಸ್ನ್ಯಾಪ್‌ಶಾಟ್ 36 ಗಂಟೆಗಿಂತ ಹಳೆಯದಾದರೆ ಅಲ್ಲಿಂದಲೇ ಮೆಸೇಜ್ ಬರಲಿ. ಕಳಿಸುವ ಸ್ಕ್ರಿಪ್ಟೇ ಸತ್ತಿದ್ದರೆ ಅದು ತಾನು ಸತ್ತೆನೆಂದು ಹೇಳಲಾರದು.

ಜೆಡ್‌ಎಫ್‌ಎಸ್ ಬದಲು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇರುವವರಿಗೆ ಎರಡು ಮಾತು. ಅದರಲ್ಲಿ ಟೋಕನ್ ಇಲ್ಲ, ಅರ್ಧಕ್ಕೆ ನಿಂತ ರಿಸೀವ್ ಕೆಲಸಕ್ಕೆ ಬಾರದು. ಆದ್ದರಿಂದ ಸೆಂಡ್ -ಪಿ ಸ್ಟ್ರೀಮನ್ನು ಮೊದಲು ಮುಂಬಯಿಯಲ್ಲೇ ಫೈಲಾಗಿ ಬರೆದುಕೊಳ್ಳಿ, ಆರ್‌ಸಿಂಕ್ --ಪಾರ್ಷಿಯಲ್ --ಅಪೆಂಡ್-ವೆರಿಫೈ ಹಾಕಿ ದಾಟಿಸಿ, ಎರಡೂ ಕಡೆ ಎಸ್‌ಎಚ್‌ಎ256ಸಮ್ ಹೊಂದಿದ ಮೇಲೆ ರಿಸೀವ್ ಮಾಡಿ. ಹಿಂದೆ ಅರ್ಧಕ್ಕೆ ನಿಂತ ಸಬ್‌ವಾಲ್ಯೂಮ್ ಗೋವಾದಲ್ಲಿದ್ದರೆ ಸಬ್‌ವಾಲ್ಯೂಮ್ ಶೋ ಕೊಟ್ಟು ನೋಡಿ: ರಿಸೀವ್ಡ್ ಯುಯುಐಡಿ ಖಾಲಿ ಇದ್ದರೆ ಅದು ಅಪೂರ್ಣ, ಅಳಿಸಿ.

ಇನ್ನು ತಿಂಗಳಿಗೊಮ್ಮೆ ಮಾಡಬೇಕಾದದ್ದು. ಗೋವಾ ಪೂಲಿನಲ್ಲಿ ಜೆಡ್‌ಪೂಲ್ ಸ್ಕ್ರಬ್ (ಡೇಟಾವನ್ನೆಲ್ಲ ಓದಿ ಕೆಟ್ಟದ್ದನ್ನು ಹುಡುಕುವ ಪರೀಕ್ಷೆ) ಓಡಿಸಿ. ಕೊನೆಯ ಸ್ನ್ಯಾಪ್‌ಶಾಟಿನಿಂದ ಒಂದು ಕ್ಲೋನ್ ಮಾಡಿ, ಎನ್‌ಕ್ರಿಪ್ಟ್ ಆಗಿದ್ದರೆ ಲೋಡ್-ಕೀ ಕೊಟ್ಟು, ಹೋದ ವಾರದ ಒಂದು ಬಿಲ್ಲನ್ನೋ ಒಂದು ರೆಕಾರ್ಡಿಂಗನ್ನೋ ತೆರೆದು ನೋಡಿ, ಕ್ಲೋನ್ ಅಳಿಸಿ, ಕೀ ಇಳಿಸಿ. ಪಾಸ್‌ಫ್ರೇಸ್ ಬರೆದ ಚೀಟಿ ಮುಂಬಯಿಯ ಕಚೇರಿಯ ಕಪಾಟಿನಲ್ಲಷ್ಟೇ ಇದ್ದರೆ, ಆ ಕಚೇರಿಗೆ ನೀರು ನುಗ್ಗಿದ ದಿನ ಗೋವಾದ ಡಿಸ್ಕ್ ತೆರೆಯಲು ಯಾರಿಂದಲೂ ಆಗದು. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ, ಯಂತ್ರ ಇರುವ ಮನೆಯಲ್ಲಿ ಮಾತ್ರ ಬೇಡ.